ಅವತ್ತೊಂದು ದಿನ ಓದದೆ ಉಳಿದ ಕೀರ್ತನೆ

ಸುಗುಣಮ್ಮ ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ದೂರು ಹೊತ್ತು. ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ; ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಬಳ್ಳಾರಿಯವರು, ನಲವತ್ತು ದಾಟಿದವರು. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುತ್ತಾರೆ. ಅದಿರು ಲಾರಿ ಓಡಿಸುತ್ತಿದ್ದ ಗಂಡ ಹೃದಯಾಘಾತದಿಂದ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗ ಪಿಯುಸಿ, ಮಗಳು ಏಳನೇ ತರಗತಿ.

ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ಕಣ್ಣು ಮುಚ್ಚುವುದಿಲ್ಲ. ಎದ್ದು ಮಕ್ಕಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಬರುತ್ತಿದೆಯೇ ಎಂದು ನೋಡುತ್ತಾರೆ. ಮೊದಲು ಮಗಳು, ಆಮೇಲೆ ಮಗ. ಮತ್ತೆ ಮಲಗಿ, ಮತ್ತೆ ಎದ್ದು ನೋಡುತ್ತಾರೆ. ಊಟ ಸೇರುವುದಿಲ್ಲ. ಚರ್ಚಿನ ಸಭೆಗೆ ತಪ್ಪದೆ ಹೋಗುತ್ತಾರೆ, ಆದರೆ ಎಲ್ಲರೂ ಕೀರ್ತನೆಗಳ, ಅಂದರೆ ಬೈಬಲಿನ ಪ್ರಾರ್ಥನಾಗೀತೆಗಳ, ಪುಟ ತೆರೆದಾಗ ಇವರು ಸತ್ಯವೇದವನ್ನು ಮುಚ್ಚಿಯೇ ಇಟ್ಟುಕೊಳ್ಳುತ್ತಾರೆ. ಇದನ್ನು ಹೇಳುವಾಗ ದನಿ ತಗ್ಗಿತು. ಯಾಕೆ ಎಂದು ಆಗ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಕಾರಣ ಹೊರಬಿದ್ದದ್ದು ಮುಂದಿನ ಭೇಟಿಯಲ್ಲಿ. ಮದುವೆಯಾದಾಗಿನಿಂದ ಗಂಡ ಲಾರಿ ಹತ್ತುವ ಮುಂಚೆ ಇಬ್ಬರೂ ನಿಂತು, ದೇವರು ಕಾಯುತ್ತಾನೆ ಎನ್ನುವ 91ನೇ ಕೀರ್ತನೆ ಓದುವುದು ಮನೆಯ ರೂಢಿ. ಹದಿನಾರೇ ವಚನ, ಇಬ್ಬರಿಗೂ ಬಾಯಿಪಾಠ. ಆ ದಿನ ಬೆಳಿಗ್ಗೆ ಮಾಲೀಕರಿಗೆ ಜೀನ್ಸ್ ಬಂಡಲ್ ಒಪ್ಪಿಸುವ ಅವಸರ. ಗಂಡ ಕರೆದಾಗ ‘ನೀವು ಹೋಗ್ರಿ, ನಾನಿಲ್ಲೇ ಹೇಳ್ಕೋತೀನಿ’ ಅಂದರು. ಹೇಳಿಕೊಳ್ಳಲು ಮರೆತರು. ಮಧ್ಯಾಹ್ನ ಫೋನ್ ಬಂತು.

‘ಅವತ್ತು ಒಂದಿನ ಓದ್ಲಿಲ್ರಿ ಮೇಡಂ. ಅವತ್ತೇ ಹೋಗ್ಬಿಟ್ರು.’

ಈ ಮಾತನ್ನು ಎಂಟು ತಿಂಗಳು ಯಾರ ಮುಂದೆಯೂ ಆಡಿರಲಿಲ್ಲ. ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು ಏನೂ ಅರಿಯದೆ, ‘ಪ್ರಾರ್ಥನೆ ಇರೋ ಮನೆಗೆ ಕೇಡು ಬರಲ್ಲಮ್ಮ, ಎಲ್ಲೋ ಒಂದು ಕಡೆ ಬಾಗಿಲು ತೆರೆದಿತ್ತು’ ಅಂದುಬಿಟ್ಟಿದ್ದರು. ಆ ಬಾಗಿಲು ತೆರೆದವಳು ನಾನೇ ಎಂದು ಈಕೆ ತೀರ್ಮಾನಿಸಿದರು.

ದೇವರ ಮಾತು ನನ್ನ ಕೋಣೆಗೆ ಬರುವುದು ಎದುರಿಗೆ ಕೂತವರು ತಂದರೆ ಮಾತ್ರ. ನಾನೂ ಕೀರ್ತನೆಗಳನ್ನು ಕೇಳುತ್ತಲೇ ಬೆಳೆದವಳು, ಇವತ್ತಿಗೂ ಓದುವವಳು. ಆದರೂ ನನ್ನ ನಂಬಿಕೆಯನ್ನು ಬಂದವರ ತಲೆಗೆ ಕಟ್ಟುವ ಹಕ್ಕು ನನಗಿಲ್ಲ. ಇಲ್ಲಿ ಮಾತ್ರ ಗಾಯ ಆಗಿದ್ದೇ ಕೀರ್ತನೆಯ ಜಾಗದಲ್ಲಿ. ಅದನ್ನು ಬಿಟ್ಟು ಸುತ್ತಮುತ್ತ ಮದ್ದು ಹಚ್ಚಿದರೆ ಉಪಯೋಗವಿರಲಿಲ್ಲ.

ಮೊದಲು ಆ ವಾರವನ್ನು ದಿನದಿನವಾಗಿ ಹೇಳಿಸಿದೆ. ಗಂಡನಿಗೆ ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೀಡಿ ಬಿಟ್ಟಿರಲಿಲ್ಲ. ಎರಡು ದಿನದಿಂದ ಎದೆ ಭಾರ ಅಂದಿದ್ದರು, ಗ್ಯಾಸ್ ಇರಬೇಕು ಎಂದು ಮಾತ್ರೆ ನುಂಗಿ ಸುಮ್ಮನಾಗಿದ್ದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳು ದುರ್ಬಲವಾಗಿ ಹೃದಯದ ನೋವು ಎಷ್ಟೋ ಸಲ ಜೋರಾಗಿ ಗೊತ್ತಾಗುವುದೇ ಇಲ್ಲ. ಸುಸ್ತು, ಬೆವರು, ಹೊಟ್ಟೆ ಉಬ್ಬರದಂತೆ ಕಾಣಿಸುತ್ತದೆ. ರಕ್ತನಾಳದೊಳಗೆ ಕೊಬ್ಬು ಕಟ್ಟುವುದು ವರ್ಷಗಟ್ಟಲೆ ನಡೆಯುವ ಕೆಲಸ. ಆ ಬೆಳಿಗ್ಗೆ ಶುರುವಾದದ್ದಲ್ಲ. ಇದನ್ನು ತುಂಬ ಜೋಪಾನವಾಗಿ ಹೇಳಬೇಕಾಗಿತ್ತು. ಸ್ವಲ್ಪ ಎಚ್ಚರ ತಪ್ಪಿದರೂ ‘ಓದಲಿಲ್ಲ’ ಎಂಬ ತಪ್ಪಿನ ಜಾಗಕ್ಕೆ ‘ಆಸ್ಪತ್ರೆಗೆ ಕರೆದೊಯ್ಯಲಿಲ್ಲ’ ಎಂಬ ತಪ್ಪು ಬಂದು ಕೂತುಬಿಡುತ್ತದೆ. ಅದಕ್ಕೇ, ಅವರಿಗೇ ಗೊತ್ತಾಗದ್ದು ನಿಮಗೆ ಹೇಗೆ ಗೊತ್ತಾಗಬೇಕಿತ್ತು ಎಂದು ಕೇಳಿದೆ. ತುಂಬ ಹೊತ್ತು ಅತ್ತರು.

ಆಮೇಲೆ 91ನೇ ಕೀರ್ತನೆಯನ್ನೇ ಮುಂದಿಟ್ಟುಕೊಂಡೆವು. ಬೈಬಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ ಊರು ಬಳ್ಳಾರಿ. ಇಲ್ಲಿಯ ಹಳೆಯ ಕ್ರೈಸ್ತ ಮನೆಗಳಲ್ಲಿ ಅಜ್ಜಿಯಂದಿರ ಕಾಲದಿಂದ ಈ ಕೀರ್ತನೆ ಪ್ರಯಾಣಕ್ಕೆ ಮುಂಚೆ, ಪರೀಕ್ಷೆಗೆ ಮುಂಚೆ, ಆಪರೇಷನ್ನಿಗೆ ಮುಂಚೆ ಓದುತ್ತ ಬಂದದ್ದು. ಆ ರೂಢಿ ನನಗೂ ಪ್ರಿಯ. ಆದರೆ ಸುವಾರ್ತೆಯಲ್ಲಿ ಈ ಕೀರ್ತನೆಯ ಮಾತನ್ನು ಉದ್ಧರಿಸುವವನು ಯಾರು ಎಂದು ಸುಗುಣಮ್ಮನನ್ನು ಕೇಳಿದೆ. ಮತ್ತಾಯನ 4ನೇ ಅಧ್ಯಾಯ ತೆರೆದು ಅವರೇ ಓದಿದರು. ಸೈತಾನ ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೂತರು ನಿನ್ನ ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಅನ್ನುತ್ತಾನೆ. ಅದು ಇದೇ 91ನೇ ಕೀರ್ತನೆ, 11 ಮತ್ತು 12ನೇ ವಚನ. ದೇವರ ಮಾತನ್ನು ‘ಹೀಗೆ ಮಾಡಿದರೆ ಹೀಗೆ ಆಗಲೇಬೇಕು’ ಎಂಬ ಕರಾರಿಗೆ ಇಳಿಸುವುದು ಅಲ್ಲಿ ಸೈತಾನನ ಕೆಲಸ. ಯೇಸು ಆ ಕರಾರಿಗೆ ಒಪ್ಪಲಿಲ್ಲ, ದೇವರನ್ನು ಪರೀಕ್ಷಿಸಬಾರದು ಅಂದ. ಆ ಕೀರ್ತನೆಯನ್ನು ಚೆನ್ನಾಗಿ ಬಲ್ಲ ಯೇಸುವೇ ಕೊನೆಗೆ ಶಿಲುಬೆಗೆ ಹೋದ. ಅವತ್ತು ಬಾಯಿಗೆ ಬಂದದ್ದು 22ನೇ ಕೀರ್ತನೆ: ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿ?

‘ಹಂಗಾರ ಅವತ್ತು ಓದಿದ್ರೂ...’ ಎಂದು ಶುರುಮಾಡಿ ನಿಲ್ಲಿಸಿದರು.

ಹೌದು, ಓದಿದ್ದರೂ. ಓದುವುದು ರಕ್ಷಣೆಯ ಕಂತು ಕಟ್ಟುವುದಲ್ಲ, ಒಂದು ದಿನ ತಪ್ಪಿದರೆ ಪಾಲಿಸಿ ರದ್ದಾಗುವುದಕ್ಕೆ. 15ನೇ ವಚನ ಓದಿಸಿದೆ. ಅಲ್ಲಿ ದೇವರು ಹೇಳುವುದು ಇಕ್ಕಟ್ಟಿನಲ್ಲಿ ಹತ್ತಿರವಿರುತ್ತೇನೆ ಎಂದು. ಇಕ್ಕಟ್ಟೇ ಬರದ ಮನೆಗೆ ಆ ಮಾತು ಯಾಕೆ ಬೇಕು? ನನ್ನ ಮಟ್ಟಿಗೆ ಆ ಕೀರ್ತನೆಯ ತಿರುಳು ಇರುವುದೇ ಆ ಸಾಲಿನಲ್ಲಿ. ಸಾವಿನ ಮನೆಗಳಲ್ಲಿ ಕೂತು ಕೂತು ಈ ನಿಲುವಿಗೆ ಬಂದಿದ್ದೇನೆ. ಯಾವ ಕೇಡೂ ಬರದು ಎನ್ನುವ ಹತ್ತನೇ ವಚನವನ್ನು ಮಾತ್ರ ಗೋಡೆಗೆ ಬರೆಸಿ ಹದಿನೈದನ್ನು ಬಿಡುವುದು ದುಃಖದಲ್ಲಿರುವವರಿಗೆ ಮಾಡುವ ಅನ್ಯಾಯ.

ಇನ್ನೊಂದು ಗಂಟು ಉಳಿದಿತ್ತು. ಅವರಿಗೆ ದೇವರ ಮೇಲೆ ಸಿಟ್ಟಿತ್ತು. ಸಿಟ್ಟಿರುವುದೇ ಪಾಪ ಎಂಬ ಹೆದರಿಕೆಯಿಂದ ಪ್ರಾರ್ಥನೆಯಲ್ಲಿ ಸ್ತೋತ್ರ, ಸ್ತೋತ್ರ ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮೊರೆ, ದೂರು, ಗೋಳು. ಸ್ತುತಿಯ ಪುಸ್ತಕದೊಳಗೇ ಅವಕ್ಕೆ ಜಾಗ ಕೊಟ್ಟಿದೆ. 88ನೇ ಕೀರ್ತನೆಯನ್ನು ಸಭೆಯಲ್ಲಿ ಓದಿದ್ದನ್ನು ಕೇಳಿದವರು ಕಡಿಮೆ. ಉಳಿದ ಮೊರೆಯ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಭರವಸೆಯ ಕಡೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ಆಪ್ತರು ದೂರವಾದರು ಎಂದು ಹೇಳಿ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಇಡೀ ಕೀರ್ತನೆ ದೇವರಿಗೇ ಹೇಳಿದ್ದು. ಆ ಕತ್ತಲಿಂದ ಕೂಗಿದವನನ್ನು ಯಾರೂ ಪುಸ್ತಕದಿಂದ ಹೊರಗೆ ಹಾಕಲಿಲ್ಲ.

13ನೇ ಕೀರ್ತನೆ ಆರೇ ವಚನದ್ದು. ಮೊದಲ ಎರಡರಲ್ಲೇ ನಾಲ್ಕು ಸಲ ‘ಎಷ್ಟರ ವರೆಗೆ’ ಎಂಬ ಕೇಳಿಕೆ ಬರುತ್ತದೆ. ಮನೆಗೆ ಹೋಗಿ ನಿಮ್ಮದೇ ನಾಲ್ಕು ಬರೆದು ತನ್ನಿ, ಆಡುಮಾತಿನಲ್ಲೇ ಇರಲಿ ಅಂದೆ. ಜೀನ್ಸ್ ಬಂಡಲಿನ ಲೆಕ್ಕದ ಚೀಟಿಯ ಹಿಂದೆ ಬರೆದು ತಂದರು. ಮೂರನೆಯದನ್ನು ಇಲ್ಲಿ ಕೊಡಲು ಒಪ್ಪಿದ್ದಾರೆ: ‘ಎಷ್ಟು ದಿನ ಅಂತ ಎರಡು ತಟ್ಟೆ ಜಾಸ್ತಿ ಆತು ಅಂತ ಒಂದನ್ನ ಒಳಗಿಟ್ಟು ಬರಲಿ, ದೇವರೇ?’ ರಾತ್ರಿ ಊಟಕ್ಕೆ ತಟ್ಟೆ ಹಾಕುವಾಗ ಕೈ ತಾನಾಗಿ ನಾಲ್ಕು ಎತ್ತಿಕೊಳ್ಳುತ್ತದಂತೆ. ತಮಗೆ ಹಸಿವಿಲ್ಲದ ದಿನ ಎರಡು ವಾಪಸ್ ಹೋಗಬೇಕು. ಮಕ್ಕಳು ನೋಡುತ್ತಾರೆಂದು ಒಂದನ್ನೇ ಇಟ್ಟು ಬಂದು, ತಮ್ಮ ಖಾಲಿ ತಟ್ಟೆಯ ಮುಂದೆ ಕೂರುತ್ತಾರೆ. ಇದನ್ನೇ ಪ್ರಾರ್ಥನೆಯಾಗಿ ಹೇಳಿ ಅಂದೆ. 56ನೇ ಕೀರ್ತನೆಯಲ್ಲಿ ಕಣ್ಣೀರನ್ನು ದೇವರು ಬುದ್ದಲಿಯಲ್ಲಿ, ಅಂದರೆ ತೊಗಲಿನ ಚೀಲದಲ್ಲಿ, ತುಂಬಿಟ್ಟುಕೊಳ್ಳುತ್ತಾನೆ ಎಂದಿದೆ. ಅಳಬೇಡ ಎಂದು ಹೇಳುವ ದೇವರು ಅದನ್ನು ಕೂಡಿಡುತ್ತಿರಲಿಲ್ಲ.

ಮಾತ್ರೆಯ ವಿಷಯಕ್ಕೆ ಹೆಚ್ಚು ಜಗ್ಗಾಟವಾಯಿತು. ನಿದ್ದೆ, ಹಸಿವು, ಕೆಲಸದ ಮೇಲಿನ ಗಮನ ಎಲ್ಲವೂ ತಿಂಗಳುಗಟ್ಟಲೆ ಕೆಟ್ಟಿದ್ದವು. ‘ನಾನೂ ಅವರ ಹಿಂದೇ ಹೋಗಿದ್ರೆ’ ಎಂಬ ಯೋಚನೆಯೂ ಬಂದದ್ದುಂಟು. ಅದನ್ನು ನೇರವಾಗಿಯೇ ಕೇಳಿದ್ದೆ. ಕೇಳಿದ್ದರಿಂದ ಆ ಯೋಚನೆ ಹೆಚ್ಚಾಗುವುದಿಲ್ಲ. ಸಾಯಬೇಕೆಂದು ಯಾವ ಏರ್ಪಾಡೂ ಮಾಡಿರಲಿಲ್ಲ, ಆದರೂ ತಂಗಿಗೆ ತಿಳಿಸಲು ಒಪ್ಪಿಸಿದೆ. ಹಗಲು ರಾತ್ರಿ ಉಚಿತವಾಗಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಅನ್ನು ಫೋನಿನಲ್ಲಿ ಹಾಕಿಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು ಎಂದು ಹೇಳಿದೆ. ಮನೋವೈದ್ಯರ ಬಳಿ ಕಳಿಸಬೇಕೆಂದಾಗ ಮಾತ್ರ ಮುಖ ಬಿಗಿಯಿತು. ಮಾತ್ರೆ ತಗೊಂಡರೆ ದೇವರು ಸಾಲಲಿಲ್ಲ ಅಂದಂಗೆ ಅಲ್ಲವೇ ಎಂಬುದು ಅವರ ಪ್ರಶ್ನೆ. ಬೈಬಲಿನ ಪ್ರವಾದಿ ಎಲೀಯನ ಕಥೆ ನೆನಪಿಸಿದೆ. ಸಾಯಲು ಬಯಸಿ ಗಿಡದ ಕೆಳಗೆ ಬಿದ್ದವನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ಉಣಿಸಿದ. ದೇಹಕ್ಕೆ ಬೇಕಾದ್ದನ್ನು ಕೊಡುವುದೂ ದೇವರ ಆರೈಕೆಯೇ. ಸರ್ಕಾರಿ ಆಸ್ಪತ್ರೆಗೆ ತಂಗಿಯ ಜೊತೆ ಹೋದರು. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ತಾವಾಗಿಯೇ ನಿಲ್ಲಿಸಬಾರದು ಎಂದು ವೈದ್ಯರು ಹೇಳಿದ್ದನ್ನು ನಾನೂ ಮತ್ತೆ ಹೇಳಿದೆ.

ರಾತ್ರಿ ಎರಡು ಗಂಟೆಗೆ ಮಾತ್ರ ಬೇರೆ ಸಲಹೆ ಕೊಟ್ಟೆ. ಎಚ್ಚರವಾದರೆ ಮಕ್ಕಳ ಉಸಿರು ನೋಡಲು ಏಳುವ ಮುಂಚೆ 121ನೇ ಕೀರ್ತನೆ ಮೆಲ್ಲಗೆ ಹೇಳಿಕೊಳ್ಳುವುದು. ಕಾಯುವಾತ ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂಬಲ್ಲಿ ಒಂದು ನಿಮಿಷ ನಿಲ್ಲುವುದು. ಕಾವಲಿನ ಪಾಳಿಯನ್ನು ಆತನಿಗೆ ಒಪ್ಪಿಸಿ ಮಲಗುವುದು. ತಡೆಯಲಾಗದಿದ್ದರೆ ಒಂದು ಸಲ ಎದ್ದು ನೋಡಿ, ಎರಡನೇ ಸಲ ಬೇಡ. ಇದನ್ನೂ ಹರಕೆಯಾಗಿ ಮಾಡಿಕೊಳ್ಳಬಾರದು, ಮರೆತರೆ ಮರೆತಿರಿ ಅಷ್ಟೇ ಎಂದು ಎರಡೆರಡು ಸಲ ಹೇಳಿದೆ.

ಅವರ ಅನುಮತಿ ಪಡೆದು ಸಭಾಪಾಲಕರ ಜೊತೆಗೂ ಮಾತಾಡಿದೆ. ಸಾವಿನ ಮನೆಯಲ್ಲಿ ಕಾರಣ ಹುಡುಕುವ ಮಾತು ಬೇಡ, ತಿಂಗಳಾದ ಮೇಲೂ ಯಾರಾದರೂ ಹೋಗಿ ಕೂರಲಿ ಎಂದು ಕೇಳಿಕೊಂಡೆ. ಅವರು ಮನಸ್ಸಿಟ್ಟು ಕೇಳಿದರು. ಸ್ತ್ರೀಯರ ಕೂಟದಲ್ಲಿ 88ನೇ ಕೀರ್ತನೆ ಓದಿಸಿದ್ದಾರೆ. ಓದಿದವರು ಸುಗುಣಮ್ಮ ಅಲ್ಲ, ಇನ್ನೊಬ್ಬ ವಿಧವೆ.

ಈಗ ನಿದ್ದೆ ಐದು ಗಂಟೆಯಷ್ಟಾಗುತ್ತದೆ. ಮಾತ್ರೆ ಮುಂದುವರಿದಿದೆ. 91ನೇ ಕೀರ್ತನೆಯನ್ನು ಇನ್ನೂ ಪೂರ್ತಿ ಓದಲಾಗುವುದಿಲ್ಲ, ಹತ್ತನೇ ವಚನಕ್ಕೆ ಗಂಟಲು ಕಟ್ಟುತ್ತದೆ. ಅಲ್ಲಿಂದ ನೇರ ಹದಿನೈದಕ್ಕೆ ಹೋಗಲು ಹೇಳಿದ್ದೇನೆ. ಮುಂದಿನ ಸಲ ಮಗನನ್ನೂ ಕರೆತರುತ್ತಾರೆ; ಅಪ್ಪನ ಬಗ್ಗೆ ಅವನು ಇದುವರೆಗೆ ಒಂದು ಮಾತೂ ಆಡಿಲ್ಲ.