ಪ್ರತಿಕ್ರಿಯೆ: ರಾಣಿ ಇರುವೆ ಸಕ್ಕರೆ ಮುಟ್ಟುತ್ತಿಲ್ಲ, ಏನು ಮಾಡಲಿ?

ಮಳೆ ಬಂದ ಮೇಲೆ ಸಿಕ್ಕ ದೊಡ್ಡ ಕಪ್ಪು ರಾಣಿ ಹತ್ತು ದಿನದಿಂದ ಏನೂ ತಿಂದಿಲ್ಲ, ಸಾಯುತ್ತದಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ನೀವು ಹೇಳಿದ ಗುರುತು ನೋಡಿದರೆ ಅದು ನಮ್ಮ ಕಟ್ಟಿರುವೆ, ಕ್ಯಾಂಪೊನೋಟಸ್ ಜಾತಿ. ರೆಕ್ಕೆ ಕಳಚಿದ ಮೇಲೆ ಅದಕ್ಕೆ ಹಾರುವ ಸ್ನಾಯು ಬೇಕಿಲ್ಲ ಅಲ್ವಾ? ಅದನ್ನೂ ಮೈಯಲ್ಲಿರುವ ಕೊಬ್ಬನ್ನೂ ಕರಗಿಸಿಕೊಂಡೇ ಮೊದಲ ಮರಿಗಳನ್ನು ಸಾಕುತ್ತದೆ.

ಸಕ್ಕರೆ ತೆಗೆದುಬಿಡಿ, ಬೂಷ್ಟು ಬರುತ್ತದೆ. ರಾಣಿಯನ್ನು ಇಟ್ಟ ಟೆಸ್ಟ್ ಟ್ಯೂಬಿನ ತಳದಲ್ಲಿ, ತಡೆಯಾಗಿ ತುರುಕಿದ ಹತ್ತಿಯ ಹಿಂದೆ ನೀರಿದ್ದರೆ ಸಾಕು. ಟ್ಯೂಬನ್ನು ಕತ್ತಲಲ್ಲಿ, ಅಲುಗಾಡದ ಕಡೆ ಇಡಿ. ವಾರಕ್ಕೊಮ್ಮೆ ಮಾತ್ರ ನೋಡಿ. ದಿನಾ ಸುಮ್ನೆ ಎತ್ತಿ ನೋಡಿದರೆ ಗಾಬರಿಯಲ್ಲಿ ತನ್ನ ಮೊಟ್ಟೆಯನ್ನೇ ತಿಂದುಬಿಡಬಹುದು. (ಇರುವೆ ಸಾಕುವ ಈ ಹವ್ಯಾಸದಲ್ಲಿ ಜಾಸ್ತಿ ಕಷ್ಟ ಇದೇ, ನೋಡದೆ ಇರೋದು.)

ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಬಿಳಿ ಗುಪ್ಪೆಯಾಗಿರುತ್ತವೆ. ಬೆಳಕು ಬಿದ್ದರೆ ರಾಣಿ ಅದನ್ನು ದವಡೆಯಲ್ಲಿ ಕಚ್ಚಿ ಎತ್ತಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯಿಂದ ಹುಳು, ಅದರ ನಂತರ ರೇಷ್ಮೆಹುಳುವಿನ ಹಾಗೆ ಅದು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡು. ಗೂಡಿನ ಒಂದು ತುದಿಯಲ್ಲಿ ಕಪ್ಪು ಚುಕ್ಕಿ ಕಾಣುತ್ತದೆ. ರೋಗ ಅಲ್ಲ, ಹುಳುವಿನ ಹಿಕ್ಕೆ ಅಷ್ಟೇ.

ಮೊದಲ ಕೆಲಸಗಾರ ಇರುವೆಗಳು ತುಂಬ ಸಣ್ಣಗಿರುತ್ತವೆ. ಅವು ಓಡಾಡಲು ಶುರು ಮಾಡಿದ ಮೇಲೆ ಒಂದು ಹನಿ ಸಕ್ಕರೆ ನೀರು, ಸೊಳ್ಳೆಯ ಒಂದು ತುಂಡು ಕೊಡಿ. ಬ್ಯಾಟಿನಲ್ಲಿ ಹೊಡೆದದ್ದಾದರೆ ಸರಿ, ಸ್ಪ್ರೇ ಬಿದ್ದ ಸೊಳ್ಳೆ ಮಾತ್ರ ಬೇಡ.