ಕೆಂಪು ಬಸ್ಸಿನ ಹಾಡುಗಳು: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಧಾರವಾಡದಿಂದ ತಾವು ಬರೆದ ದೀರ್ಘ ಪತ್ರ ತಲುಪಿತು. ಎರಡು ಸಲ ಓದಿದೆ. ಕಳೆದ ಸಂಚಿಕೆಯಲ್ಲಿ ‘ಸಮರ್ ಹಾಲಿಡೇ’ ಚಿತ್ರವನ್ನು ಕುರಿತ ಓದುಗರ ಅಭಿಪ್ರಾಯಗಳಿಗೆ ನಾಲ್ಕು ಪುಟ ಬಿಟ್ಟುಕೊಟ್ಟದ್ದು ತಮಗೆ ಸರಿಬಂದಿಲ್ಲ. ಪಾಪ್ ಗಾಯಕ ಕ್ಲಿಫ್ ರಿಚರ್ಡ್‌ನನ್ನು ನಾಯಕನನ್ನಾಗಿಸಿ 1963ರಲ್ಲಿ ಬ್ರಿಟನ್ನಿನಲ್ಲಿ ತೆರೆಗೆ ಬಂದ ಈ ಹಾಡು-ಹಾಸ್ಯದ ಚಿತ್ರದಲ್ಲಿ ಕಥೆಯೆಂಬುದೇ ಇಲ್ಲ, ಹಾಡುಗಳು ಕರೆಯದೆ ಬಂದ ನೆಂಟರಂತೆ ನುಗ್ಗುತ್ತವೆ, ನಾಯಕನಿಗೆ ಹಾಡಲು ಬರುತ್ತದೆಯೇ ಹೊರತು ನಟಿಸಲು ಬರುವುದಿಲ್ಲ, ಮೆಚ್ಚಿ ಬರೆದವರು ಮೆಚ್ಚಿಕೊಂಡಿರುವುದು ಚಿತ್ರವನ್ನಲ್ಲ, ತಮ್ಮ ಹರೆಯವನ್ನು ಎಂಬುದು ತಮ್ಮ ಆಕ್ಷೇಪಣೆಗಳ ಸಾರ. ‘ಇಂಥ ಚಿತ್ರಕ್ಕೆ ವಿಮರ್ಶೆಯಾದರೂ ಏಕೆ?’ ಎಂದು ಕೇಳಿ ಪತ್ರ ಮುಗಿಸಿದ್ದೀರಿ. ಆ ಪುಟಗಳನ್ನು ಆಯ್ದವನು ನಾನೇ ಆದ್ದರಿಂದ ಉತ್ತರಿಸುವ ಹೊಣೆಯೂ ನನ್ನದೇ. ಪತ್ರ ಓದಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಕಥೆ ತೆಳುವಾಗಿದೆ ಎಂಬುದನ್ನು ಮೊದಲಿಗೇ ಒಪ್ಪಿಬಿಡುತ್ತೇನೆ. ಲಂಡನ್ನಿನ ಬಸ್ ಕಾರ್ಖಾನೆಯ ನಾಲ್ವರು ಮೆಕ್ಯಾನಿಕ್ ಹುಡುಗರು ಕೆಂಪು ಡಬಲ್ ಡೆಕ್ಕರ್ ಒಂದನ್ನು ಓಡಾಡುವ ಮನೆಯನ್ನಾಗಿ ಮಾಡಿಕೊಂಡು ಹೊರಡುತ್ತಾರೆ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಅಂದಿನ ಯುಗೊಸ್ಲಾವಿಯಾಗಳನ್ನು ದಾಟಿ ಗ್ರೀಸಿನ ಅಥೆನ್ಸ್ ಸೇರುತ್ತಾರೆ. ದಾರಿಯಲ್ಲಿ ಮೂವರು ಗಾಯಕಿಯರು ಜೊತೆಯಾಗುತ್ತಾರೆ. ಹುಡುಗನ ವೇಷದಲ್ಲಿ ಬಸ್ಸಿನೊಳಗೆ ಅಡಗಿ ಕುಳಿತ ನಾಲ್ಕನೆಯ ಹುಡುಗಿಯೊಬ್ಬಳಿದ್ದಾಳೆ. ಆಕೆ ತಾಯಿಯ ಹಿಡಿತದಿಂದ ತಪ್ಪಿಸಿಕೊಂಡು ಬಂದ ಅಮೆರಿಕದ ಹೆಸರಾಂತ ಗಾಯಕಿ. ಇದಿಷ್ಟನ್ನೂ ಒಂದು ಅಂಚೆಕಾರ್ಡಿನಲ್ಲಿ ಬರೆದು ಮುಗಿಸಬಹುದು, ಮೇಲೆ ಜಾಗ ಉಳಿಯುತ್ತದೆ. ಆದರೆ ಇಂಥ ಚಿತ್ರದಲ್ಲಿ ಕಥೆಯ ಹೊರೆಯನ್ನು ಹೊರುವುದು ಮಾತಲ್ಲ, ಹಾಡು. ಆದ್ದರಿಂದ ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿಯೊಂದು ಹಾಡೂ ತನಗೆ ಒಪ್ಪಿಸಿದ ಕೆಲಸವನ್ನು ಮಾಡಿದೆಯೇ ಇಲ್ಲವೇ? ನಾವು ಪ್ರಕಟಿಸಿದ ಅಭಿಪ್ರಾಯಗಳಲ್ಲಿ ಬಹುಪಾಲು ಈ ಪ್ರಶ್ನೆಯನ್ನು ಕೇಳಿರಲಿಲ್ಲ. ತಮ್ಮ ಪತ್ರವೂ ಕೇಳಿಲ್ಲ.

ಆರಂಭವನ್ನೇ ನೋಡೋಣ. ಚಿತ್ರ ತೊಡಗುವುದು ಕಪ್ಪು-ಬಿಳುಪಿನಲ್ಲಿ. ಇಂಗ್ಲೆಂಡಿನ ಕಡಲತೀರದ ಊರಿನಲ್ಲಿ ವಾದ್ಯವೃಂದವೊಂದು ಬೇಸಿಗೆ ರಜೆಯ ಲವಲವಿಕೆಯ ಮಟ್ಟು ನುಡಿಸುತ್ತಿದೆ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ರಜೆಗೆಂದು ಬಂದ ಜನ ತಲೆ ಮುಚ್ಚಿಕೊಂಡು ಓಡುತ್ತಾರೆ. ಮುಂದೆ ಬಸ್ ಕಾರ್ಖಾನೆ. ಅಲ್ಲಿಯೂ ಅದೇ ಮಳೆ, ಅದೇ ಬೂದು ಬಣ್ಣ, ರಜೆ ಹಾಳಾಯಿತೆಂದು ಜೋಲು ಮುಖ ಹಾಕಿಕೊಂಡ ಹುಡುಗರು. ಆಗ ಡಾನ್, ಅಂದರೆ ಕ್ಲಿಫ್ ರಿಚರ್ಡ್, ಬಸ್ಸು ಓಡಿಸಿಕೊಂಡು ಬರುತ್ತಾನೆ, ತೆರೆಯ ತುಂಬ ಬಣ್ಣ ಬರುತ್ತದೆ. ಬಸ್ಸಿನ ಕೆಂಪು ಕಣ್ಣಿಗೆ ಹೊಡೆಯುವಂತಿದೆ. ಒಂದು ಮಾತನ್ನೂ ಖರ್ಚು ಮಾಡದೆ ಈ ಚಿತ್ರ ಯಾರಿಗಾಗಿ, ಯಾವ ಆಸೆಗಾಗಿ ಎಂಬುದನ್ನು ನಿರ್ದೇಶಕ ಪೀಟರ್ ಯೇಟ್ಸ್ ಇಲ್ಲಿ ಹೇಳಿ ಮುಗಿಸಿದ್ದಾರೆ. ಇದು ಅವರ ಮೊದಲ ಕಥಾಚಿತ್ರ. ಐದು ವರ್ಷಗಳ ನಂತರ ಅಮೆರಿಕದಲ್ಲಿ ‘ಬುಲಿಟ್’ ಚಿತ್ರದ ಕಾರು ಬೆನ್ನಟ್ಟುವ ದೃಶ್ಯದಿಂದ ಹೆಸರಾದವರು ಇವರೇ. ಗಾಲಿಯ ಮೇಲಿನ ಓಟವನ್ನು ತೆರೆಯ ಮೇಲೆ ಹೇಗೆ ಹಿಡಿಯಬೇಕೆಂಬ ಕಲಿಕೆ ಆ ಕೆಂಪು ಬಸ್ಸಿನಿಂದಲೇ ಶುರುವಾಯಿತೆಂದು ನನಗೆ ಅನ್ನಿಸುತ್ತದೆ.

ಆ ಬಣ್ಣದ ಬೆಲೆ ತಿಳಿಯಬೇಕಾದರೆ ಚಿತ್ರ ತೆರೆಕಂಡ ತಿಂಗಳನ್ನು ನೆನೆಯಬೇಕು. ಅದು 1963ರ ಜನವರಿ. ಇಂಗ್ಲೆಂಡ್ ಮತ್ತು ವೇಲ್ಸ್ 1740ರಿಂದೀಚೆಗೆ ಕಂಡಿರದಂಥ ಚಳಿಗಾಲ ಅದು. ಡಿಸೆಂಬರ್ ಕೊನೆಗೆ ಬಿದ್ದ ಹಿಮ ಮಾರ್ಚ್ ಬರುವ ತನಕ ಬಹಳ ಕಡೆ ಕರಗಲೇ ಇಲ್ಲ. ಕಾಲು ಮರಗಟ್ಟಿಸಿಕೊಂಡು ಚಿತ್ರಮಂದಿರದೊಳಗೆ ಬಂದು ಕುಳಿತವರ ಎದುರಿಗೆ ಮೆಡಿಟರೇನಿಯನ್ ಬಿಸಿಲು ತೆರೆದುಕೊಂಡಿತು. ಹಾಗೆ ನೋಡಿದವರು ಚಿತ್ರವನ್ನು ಹಾಡಿ ಹೊಗಳಿದ್ದನ್ನು ‘ಹಳೆಯ ನೆನಪಿನ ಹಳಹಳಿ’ ಎಂದು ತಾವು ತಳ್ಳಿಹಾಕಿದ್ದೀರಿ. ಬೆಚ್ಚಗಾಗಲು ಬಂದವನನ್ನು ಬೆಚ್ಚಗಾಗಿಸಿದ್ದು ಕೂಡ ಆ ಚಿತ್ರದ ಗುಣವೇ ಅಲ್ಲವೇ? ಆದರೆ ಆ ಚಳಿಯಲ್ಲಿ ಕೂರದ ನಾನಾಗಲಿ ತಾವಾಗಲಿ ಅದೇ ಕಾರಣಕ್ಕೆ ಅದನ್ನು ಮೆಚ್ಚಬೇಕಾಗಿಲ್ಲ ಎಂಬುದೂ ಅಷ್ಟೇ ನಿಜ. ರೇಡಿಯೊ ಸಿಲೋನಿನಲ್ಲಿ ಈ ಚಿತ್ರದ ಹಾಡುಗಳನ್ನು ಕೇಳಿ ಬೆಳೆದ ನಮ್ಮ ಹಿರಿಯ ಓದುಗರೊಬ್ಬರು ಬರೆದ ಸಾಲುಗಳಲ್ಲಿ ಚಿತ್ರಕ್ಕಿಂತ ರೇಡಿಯೊವೇ ಹೆಚ್ಚಾಗಿತ್ತೆಂಬ ತಮ್ಮ ಮಾತು ಸರಿಯಾಗಿದೆ. ನಾನು ಅದನ್ನು ಅಭಿಪ್ರಾಯವೆಂದಲ್ಲ, ನೆನಪೆಂದು ಬೇರೆ ಶೀರ್ಷಿಕೆಯಡಿ ಹಾಕಬೇಕಿತ್ತು.

ಹಾಡುಗಳು ಕಾರಣವಿಲ್ಲದೆ ಬರುತ್ತವೆ ಎಂದಿರಿ. ಬಸ್ಸನ್ನು ಮನೆಯಾಗಿ ಮಾರ್ಪಡಿಸುವ ‘ಸೆವೆನ್ ಡೇಸ್ ಟು ಎ ಹಾಲಿಡೇ’ ಹಾಡನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಮಾತಿನಲ್ಲಿ ಹೇಳಹೊರಟರೆ ಬೇಸರ ತರಿಸುವ ವಿಷಯ ಅದು: ಸೀಟು ಕಿತ್ತರು, ಹಲಗೆ ಜೋಡಿಸಿದರು, ಬಣ್ಣ ಬಳಿದರು. ಹಾಡು ಅದನ್ನು ಒಂದು ವಾರದ ಲೆಕ್ಕವಾಗಿ ಹಿಡಿಯುತ್ತದೆ. ದಿನಗಳು ಉರುಳಿದಂತೆ ಕೆಲಸ ಮುಂದೆ ಸಾಗುತ್ತದೆ, ಕಾರ್ಖಾನೆಯ ಹುಡುಗರ ದುಡಿಮೆಯ ಕೈಚಲನೆಯೇ ನೃತ್ಯದ ಹೆಜ್ಜೆಯಾಗುತ್ತದೆ. ನೃತ್ಯ ಸಂಯೋಜಿಸಿದ ಹರ್ಬರ್ಟ್ ರಾಸ್ ಬ್ಯಾಲೆ ರಂಗಭೂಮಿಯಿಂದ ಬಂದವರು, ಮುಂದೆ ತಾವೇ ನಿರ್ದೇಶಕರಾದವರು. ಹಾಡು ಮುಗಿಯುವಾಗ ಬಸ್ಸು ಸಿದ್ಧವಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಹುಡುಗರು ಸೋಮಾರಿಗಳಲ್ಲ, ತಮ್ಮ ರಜೆಯನ್ನು ತಮ್ಮ ಕೈಯಾರೆ ಕಟ್ಟಿಕೊಂಡವರು ಎಂಬುದು ನಮಗೆ ಮನವರಿಕೆಯಾಗಿರುತ್ತದೆ. ಬೆಂಗಳೂರಿನ ಹಳೆಯ ನಗರ ಸಾರಿಗೆಯಾದ ಬಿಟಿಎಸ್ ಕಾಲದ ಡಬಲ್ ಡೆಕ್ಕರ್‌ನ ಮೇಲಂತಸ್ತಿನಲ್ಲಿ, ಮುಂದಿನ ಕಿಟಕಿಯ ಪಕ್ಕ ಕುಳಿತು ಬೆಂಗಳೂರು ನೋಡಿದ ಯಾರಿಗಾದರೂ ಆ ಬಸ್ಸನ್ನೇ ಮನೆ ಮಾಡಿಕೊಳ್ಳುವ ಆಸೆ ಹೊಸದೇನಲ್ಲ.

ಇನ್ನು ತಾವು ಹೇಳಿದ್ದು ಅಕ್ಷರಶಃ ಸರಿಯಾಗುವ ಜಾಗವೂ ಇದೆ, ಅದು ‘ಬ್ಯಾಚುಲರ್ ಬಾಯ್’. ಚಿತ್ರ ಪೂರ್ತಿಯಾದ ಮೇಲೆ ಉದ್ದ ಸಾಲದೆಂದು ಕಂಡು ಆಮೇಲೆ ಸೇರಿಸಿದ ಹಾಡು ಅದು. ಹೊರದೇಶಕ್ಕೆ ಮತ್ತೆ ಹೋಗದೆ ಸ್ಟುಡಿಯೊದಲ್ಲಿಯೇ ಚಿತ್ರೀಕರಿಸಿದರು. ಅದರ ಹಿಂದುಮುಂದಿನ ದೃಶ್ಯಗಳ ನಿಜವಾದ ಬೆಳಕಿನ ಪಕ್ಕದಲ್ಲಿ ಆ ಹಾಡಿನ ಹಿನ್ನೆಲೆ ಚಿತ್ರಪಟದಂತೆ ಕಾಣುತ್ತದೆ, ಕಥೆ ಅಲ್ಲಿ ನಿಂತಲ್ಲೇ ನಿಲ್ಲುತ್ತದೆ. ಆದರೂ ಕೇಳುಗರು ಅದನ್ನು ಎತ್ತಿಹಿಡಿದರು. ‘ದಿ ನೆಕ್ಸ್ಟ್ ಟೈಮ್’ ಜೊತೆಗೆ ಒಂದೇ ಗ್ರಾಮಫೋನ್ ತಟ್ಟೆಯಲ್ಲಿ ಬಂದ ಅದು ಜನವರಿಯಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮಾರ್ಚ್‌ನಲ್ಲಿ ಚಿತ್ರದ ಶೀರ್ಷಿಕೆ ಗೀತೆ, ಅದರ ಬೆನ್ನಿಗೇ ಕ್ಲಿಫ್‌ನ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಶ್ಯಾಡೋಸ್ ತಂಡದ ‘ಫುಟ್ ಟ್ಯಾಪರ್’ ವಾದ್ಯ ಸಂಗೀತ ಅದೇ ಸ್ಥಾನ ಪಡೆದವು. ಹಾಡು ಗೆದ್ದಿತೆಂದ ಮಾತ್ರಕ್ಕೆ ಚಿತ್ರದಲ್ಲಿ ಅದರ ಜಾಗ ಸರಿಯಾಗಿದೆ ಎಂದಾಗುವುದಿಲ್ಲ. ನಮ್ಮ ಓದುಗರಲ್ಲಿ ಹಲವರು ಈ ಎರಡನ್ನೂ ಒಂದೇ ಎಂದು ಬಗೆದರು, ತಾವು ಅದನ್ನು ಬೇರ್ಪಡಿಸಿದ್ದೀರಿ. ಆದರೆ ಒಂದು ಹಾಡಿನ ದೋಷವನ್ನು ತಾವು ಎಲ್ಲ ಹಾಡುಗಳ ತಲೆಗೂ ಕಟ್ಟಿದಿರಿ.

ನಾಯಕನ ನಟನೆಯ ಮಾತಿಗೆ ಬರುತ್ತೇನೆ. ‘ಹಾಡುಗಾರ ಹಾಡಲಿ, ನಟನೆ ಅವನಿಗೇಕೆ’ ಎಂದು ತಾವು ಬರೆದ ವಾಕ್ಯ ಕಂಪನಿ ನಾಟಕಗಳನ್ನು ಕಂಡ ನಾಡಿನವರ ಬಾಯಲ್ಲಿ ಬರಬಾರದಿತ್ತು. ಹೊನ್ನಪ್ಪ ಭಾಗವತರ್ ಅವರನ್ನು ಜನ ಮೆಚ್ಚಿದ್ದು ಹಾಡಿಗೋ ನಟನೆಗೋ ಎಂದು ನಮ್ಮ ಹಿರಿಯರು ಬಿಡಿಸಿ ನೋಡಲಿಲ್ಲ. ಕ್ಲಿಫ್ ರಿಚರ್ಡ್ ದೊಡ್ಡ ನಟನಲ್ಲ. ಲಖನೌದಲ್ಲಿ 1940ರಲ್ಲಿ ಹ್ಯಾರಿ ವೆಬ್ ಎಂಬ ಹೆಸರಿನಲ್ಲಿ ಹುಟ್ಟಿ, 1948ರಲ್ಲಿ ಹೆತ್ತವರೊಂದಿಗೆ ಹಡಗು ಹತ್ತಿ ಇಂಗ್ಲೆಂಡ್ ಸೇರಿದ ಈ ಹುಡುಗ 1958ರಲ್ಲಿ ‘ಮೂವ್ ಇಟ್’ ಹಾಡಿದಾಗ ಅಲ್ಲಿನವರು ಅವನನ್ನು ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿಗೆ ತಮ್ಮ ದೇಶದ ಉತ್ತರವೆಂದು ಕಂಡರು. ಮರುವರ್ಷದ ‘ಎಕ್ಸ್‌ಪ್ರೆಸ್ಸೊ ಬಾಂಗೊ’ ಚಿತ್ರದಲ್ಲಿ ದಲ್ಲಾಳಿಯ ಕೈಗೆ ಸಿಕ್ಕ ಎಳೆಯ ಗಾಯಕನ ಪಾತ್ರದಲ್ಲಿ ಅವನ ಕಣ್ಣುಗಳಲ್ಲಿ ಕಾಣುವ ದಿಗಿಲು ನಟನೆಯಲ್ಲದೆ ಮತ್ತೇನು? ‘ಸಮರ್ ಹಾಲಿಡೇ’ ಹೊತ್ತಿಗೆ ಆ ದಿಗಿಲನ್ನೂ ಒರಟುತನವನ್ನೂ ಒರೆಸಿಹಾಕಿ, ಅಜ್ಜಿಯೂ ಮೊಮ್ಮಗಳೂ ಜೊತೆಯಲ್ಲಿ ಕುಳಿತು ನೋಡಬಹುದಾದ ಹುಡುಗನನ್ನಾಗಿ ಅವನನ್ನು ತಿದ್ದಿದ್ದರು. ಅವನ ಮುಖ ಚಲಿಸುವುದಿಲ್ಲವೆಂದು ತಾವು ಗುರುತಿಸಿದ್ದು ನಿಜ, ಆದರೆ ದೋಷ ಹುಡುಗನದಲ್ಲ. ಪಾತ್ರದಲ್ಲಿ ಅವನಿಗೆ ಕಳೆದುಕೊಳ್ಳಲು ಏನನ್ನೂ ಇಟ್ಟಿಲ್ಲ. ಅಥೆನ್ಸ್‌ನ ಪುರಾತನ ಅವಶೇಷಗಳ ನಡುವೆ ಒಬ್ಬನೇ ಅಡ್ಡಾಡುತ್ತ ‘ದಿ ನೆಕ್ಸ್ಟ್ ಟೈಮ್’ ಹಾಡುವಾಗ ಮಾತ್ರ ಪ್ರೀತಿ ಕೈತಪ್ಪಿದ ದುಃಖ ಅವನಿಗೆ ಸಿಗುತ್ತದೆ, ಆಗ ಮುಖವೂ ಮೆತ್ತಗಾಗುತ್ತದೆ.

ನನಗೆ ನಿಜವಾಗಿ ನೋವು ತಂದ ಸಂಗತಿಗಳು ತಮ್ಮ ಪತ್ರದಲ್ಲಿ ಇಲ್ಲ. ಮೊದಲನೆಯದು ಯುಗೊಸ್ಲಾವಿಯಾದ ಭಾಗ. ಅಲ್ಲಿನ ಭಾಷೆ ಬಾರದ ಡಾನ್ ಬ್ರೆಡ್ ಕೇಳಲು ಹೋಗಿ ಮದುಮಗಳನ್ನೇ ಕೇಳಿದಂತಾಗಿ, ಕುರಿ ಕಾಯುವ ಹುಡುಗಿಯೊಂದಿಗೆ ಮದುವೆಗೆ ಊರಿಗೆ ಊರೇ ಸಜ್ಜಾಗುತ್ತದೆ. ನಗು ಬರುವಂತೆ ಕಟ್ಟಿದ್ದಾರೆ, ಕುಣಿತವೂ ಚೆನ್ನಾಗಿದೆ. ಆದರೆ ಲಂಡನ್ನಿನ ಹುಡುಗರಿಗೆಲ್ಲ ಹೆಸರಿದೆ, ಗುಣವಿದೆ; ಆ ಊರಿನವರಿಗೆ ಗಡ್ಡ-ಮೀಸೆ, ಆರ್ಭಟ ಬಿಟ್ಟರೆ ಏನೂ ಇಲ್ಲ. ಬಸ್ಸು ಹೊರಟುಹೋದ ಮೇಲೆ ಆ ಹುಡುಗಿಯ ಗತಿ ಏನಾಯಿತೆಂದು ಚಿತ್ರ ತಿರುಗಿಯೂ ನೋಡುವುದಿಲ್ಲ. ಹಗುರ ಚಿತ್ರಕ್ಕೆ ಹಗುರವಾಗಿರುವ ಹಕ್ಕಿದೆ. ತನ್ನ ಭಾರವನ್ನು ಬಡ ಊರಿನ ಹುಡುಗಿಯೊಬ್ಬಳ ತಲೆಯ ಮೇಲಿಟ್ಟು ಹಗುರಾಗುವ ಹಕ್ಕಿಲ್ಲ. ಹದಿನೈದಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಓದಿ ಆಯ್ದ ನನಗೆ ಯಾರೊಬ್ಬರೂ ಇದನ್ನೆತ್ತಿಲ್ಲವೆಂಬುದು ಆಗ ಹೊಳೆಯಲೇ ಇಲ್ಲ.

ಎರಡನೆಯದು ಹುಡುಗನ ವೇಷದಲ್ಲಿ ಬಸ್ಸಿನಲ್ಲಿ ಅಡಗಿದ್ದ ಗಾಯಕಿ ಬಾರ್ಬರಾಳ ಪಾತ್ರ. ಪಾತ್ರ ವಹಿಸಿದ ಲೋರಿ ಪೀಟರ್ಸ್ ನ್ಯೂಯಾರ್ಕಿನ ಬ್ರಾಡ್‌ವೇ ರಂಗದಲ್ಲಿ ಹಾಡಿ ನಟಿಸಿ ಬಂದವರು. ಆದರೂ ಚಿತ್ರದಲ್ಲಿ ಆಕೆಯ ಹಾಡಿಗೆ ದನಿ ಕೊಟ್ಟವರು ಗ್ರಾಜಿನಾ ಫ್ರೇಮ್. ಹಿನ್ನೆಲೆ ಗಾಯನ ನಮಗೆ ಹೊಸದಲ್ಲ, ಅದನ್ನು ತಪ್ಪೆಂದು ಹೇಳುವವನೂ ನಾನಲ್ಲ. ತನ್ನ ದನಿಯನ್ನು ತಾಯಿಯೂ ಪ್ರಚಾರದವರೂ ಬಳಸಿಕೊಳ್ಳುತ್ತಿದ್ದಾರೆಂದು ಓಡಿಬಂದ ಹುಡುಗಿಯ ಕಥೆಯಲ್ಲಿ, ಆಕೆಯಾಗಿ ನಟಿಸಿದವಳ ಸ್ವಂತ ದನಿಗೆ ಜಾಗವಿಲ್ಲದೆ ಹೋಯಿತಲ್ಲ ಎಂಬುದೇ ನನ್ನ ಕೊರಗು. ಮಗಳು ಕಾಣೆಯಾದುದನ್ನೇ ಪತ್ರಿಕೆಗಳ ಸುದ್ದಿಯಾಗಿಸಿ ಹೆಸರು ಬೆಳೆಸಲು ನೋಡುವ ಆ ತಾಯಿಯ ಪಾತ್ರದಲ್ಲಿ ಗಟ್ಟಿಯಾದ ಕಥೆಯೊಂದರ ಬೀಜವಿತ್ತು. ಚಿತ್ರ ಅದನ್ನು ಬಿತ್ತಲಿಲ್ಲ.

ಮರುವರ್ಷ, 1964ರಲ್ಲಿ, ಬೀಟಲ್ಸ್ ತಂಡದ ‘ಎ ಹಾರ್ಡ್ ಡೇಸ್ ನೈಟ್’ ಬಂದು ಪಾಪ್ ಗಾಯಕರ ಚಿತ್ರವೆಂದರೆ ಹೀಗೂ ಇರಬಹುದೆಂದು ತೋರಿಸಿತು. ಅದರೆದುರು ಕ್ಲಿಫ್‌ನ ಚಿತ್ರ ಒಮ್ಮೆಗೇ ಹಳತಾಗಿ ಕಂಡಿತು. ಅದನ್ನು ಹಿಡಿದು ಇದನ್ನು ಹೊಡೆಯುವುದು ವಿಮರ್ಶಕರಿಗೆ ಸುಲಭದ ದಾರಿ. ತಾವೂ ಒಂದು ಪುಟ ಅದಕ್ಕೇ ಕೊಟ್ಟಿದ್ದೀರಿ. ಆ ಚಿತ್ರ ಪ್ರಸಿದ್ಧಿಯನ್ನೇ ಸೆರೆಮನೆಯಂತೆ ತೋರಿಸುತ್ತದೆ. ಇದಾದರೋ ವರ್ಷಕ್ಕೆ ಕೆಲವೇ ದಿನ ರಜೆ ಸಿಗುವ ಕಾರ್ಖಾನೆಯ ಹುಡುಗರ ಕನಸು. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆದರೆ ಎರಡಕ್ಕೂ ಅನ್ಯಾಯ.

ವಿಮರ್ಶೆ ಏಕೆ ಎಂಬ ತಮ್ಮ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ. ಇಂಥ ಚಿತ್ರಗಳನ್ನು ಲಕ್ಷಾಂತರ ಜನ ನೋಡುತ್ತಾರೆ, ಹಾಡುಗಳು ಅರವತ್ತು ವರ್ಷ ನಾಲಿಗೆಯ ಮೇಲೆ ಉಳಿಯುತ್ತವೆ. ಕುರಿ ಕಾಯುವ ಹುಡುಗಿಯನ್ನು ಮರೆತುಬಿಡುವ ಅಭ್ಯಾಸವೂ ಅವುಗಳ ಜೊತೆಯಲ್ಲಿಯೇ ಉಳಿಯುತ್ತದೆ. ತಮ್ಮ ಪತ್ರವನ್ನು ಒಂದು ಸಾಲನ್ನೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತಿದ್ದೇವೆ. ಬಸ್ಸು ಕಟ್ಟುವ ಆ ಹಾಡನ್ನೂ ಯುಗೊಸ್ಲಾವಿಯಾದ ಮದುವೆಯ ಭಾಗವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ ತಾವು ಇನ್ನೊಮ್ಮೆ ಬರೆಯಬೇಕೆಂದು ಕೋರುತ್ತೇನೆ. ಪತ್ರ ತಿಂಗಳ ಇಪ್ಪತ್ತರೊಳಗೆ ಕೈಸೇರಿದರೆ ಅದರ ನಂತರದ ಸಂಚಿಕೆಯಲ್ಲಿ ಎರಡು ಪುಟ ತಮಗಾಗಿ ಕಾದಿರಿಸುತ್ತೇನೆ.

ವಿಶ್ವಾಸಿ,
ಸಂಪಾದಕ