ದೂರದ ಸಣ್ಣ ದನಿ ಯಾರದು? ಪಟ್ಟಿ ಆಮೇಲೆ ನೋಡಿ

ಪ್ರಶ್ನೆ: ಸಾಗರದ ಹತ್ತಿರ ನಮ್ಮ ತೋಟದ ಮನೆ. ಕಂಪ್ಯೂಟರ್ ಪರದೆಯಲ್ಲಿ ಸಿಗ್ನಲ್ ತೋರಿಸುವ ಎಸ್‌ಡಿಆರ್ ರೇಡಿಯೋ ರಿಸೀವರ್‌ಗೆ ಇಪ್ಪತ್ತು ಮೀಟರ್ ತಂತಿ ಕಟ್ಟಿ ಕೇಳುತ್ತೇನೆ. ರಾತ್ರಿ ಹನ್ನೊಂದರ ಮೇಲೆ 200ರಿಂದ 400 ಕಿಲೋಹರ್ಟ್ಸ್ ನಡುವೆ ಮೋರ್ಸ್ ಕೋಡ್ ಸಣ್ಣಗೆ ಕೇಳುತ್ತದೆ. ಅದೇ ಎರಡು ಅಕ್ಷರ ಮತ್ತೆ ಮತ್ತೆ. ಸ್ಟೇಷನ್‌ಗಳ ಪಟ್ಟಿಯಲ್ಲಿ ಹೊಂದುವ ಹೆಸರು ಎರಡು ಮೂರು ಇವೆ. ಯಾವುದೆಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮಗೆ ಕೇಳಿಸುತ್ತಿರುವುದು ಬಹುತೇಕ ವಿಮಾನಗಳಿಗೆ ದಿಕ್ಕು ತೋರಿಸುವ ನೆಲದ ಬೀಕನ್. ಎನ್‌ಡಿಬಿ ಅಂತ ಕರೆಯುತ್ತಾರೆ. ತನ್ನ ಗುರುತಿನ ಎರಡು ಮೂರು ಅಕ್ಷರವನ್ನು ಹಗಲು ರಾತ್ರಿ ಹೇಳುತ್ತಲೇ ಇರುತ್ತದೆ. ಹಗಲಲ್ಲಿ ಹತ್ತಿರದ ಬೀಕನ್ ಮಾತ್ರ ಸಿಗುತ್ತದೆ. ಬಿಸಿಲಿದ್ದಾಗ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ, ವಿದ್ಯುತ್ ಕಣಗಳಿರುವ ಡಿ ಪದರ ಈ ತರಂಗಗಳನ್ನು ಹೀರಿಬಿಡುತ್ತದೆ. ಕತ್ತಲಾದರೆ ಆ ಪದರ ಕರಗುತ್ತದೆ. ಆಗ ತರಂಗ ಇನ್ನೂ ಮೇಲಿನ ಪದರಕ್ಕೆ ತಾಗಿ ಬಹಳ ದೂರ ಬಂದು ಬೀಳುತ್ತದೆ.

ಪಟ್ಟಿಯನ್ನು ಮೊದಲೇ ನೋಡಬೇಡಿ. ನಾನು ಶುರುವಿನಲ್ಲಿ ಮಾಡಿದ ತಪ್ಪು ಅದೇ. ಒಂದು ರಾತ್ರಿ ‘ಡಿ’ ಅಂತ ಕೇಳಿಸಿತು. ಡಾ-ಡಿ-ಡಿಟ್ (ಡಾ ಅಂದರೆ ಉದ್ದ ದನಿ, ಡಿ ಅಥವಾ ಡಿಟ್ ಅಂದರೆ ಚಿಕ್ಕದು, ಚುಕ್ಕೆ). ಪಟ್ಟಿಯಲ್ಲಿ ‘ಡಿ’ಯಿಂದ ಶುರುವಾಗುವ ದೂರದ ಬೀಕನ್ ಇತ್ತು. ಖುಷಿಯಿಂದ ಪುಸ್ತಕದಲ್ಲಿ ಬರೆದುಬಿಟ್ಟೆ. ಮೂರನೇ ರಾತ್ರಿ ಸಿಗ್ನಲ್ ಸ್ವಲ್ಪ ಏರಿದಾಗ ಕೊನೆಗೆ ಇನ್ನೊಂದು ಡಿಟ್ ಇರುವುದು ಗೊತ್ತಾಯಿತು. ಡಾ-ಡಿ-ಡಿ-ಡಿಟ್, ಅಂದರೆ ‘ಬಿ’. ಸಿಡಿಲಿನ ಪಟಪಟ ಶಬ್ದದಲ್ಲಿ ಒಂದು ಚುಕ್ಕೆ ಮುಚ್ಚಿಹೋಗಿತ್ತು. ಹೆಸರು ಮೊದಲೇ ತಲೆಯಲ್ಲಿ ಕೂತರೆ ಕಿವಿ ಅದನ್ನೇ ಕೇಳುತ್ತದೆ. ಅದಕ್ಕೇ ಕೇಳಿಸಿದ್ದನ್ನು ಮೊದಲು ಡಿಟ್-ಡಾ ರೂಪದಲ್ಲೇ ಬರೆಯಿರಿ. ಅನುಮಾನ ಇರುವ ಕಡೆ ಪ್ರಶ್ನೆ ಚಿಹ್ನೆ ಹಾಕಿ. ಮೂರು ಬೇರೆ ಬೇರೆ ರಾತ್ರಿ ಕೇಳಿದ ಮೇಲೆ ಪಟ್ಟಿ ತೆಗೆಯಿರಿ.

ಅಕ್ಷರದ ಜೊತೆಗೆ ಇನ್ನೆರಡು ಗುರುತು ಹಿಡಿಯಿರಿ. ನಿಮ್ಮ ಪರದೆಯ ವಾಟರ್‌ಫಾಲ್, ಅಂದರೆ ಹೊತ್ತು ಕಳೆದ ಹಾಗೆ ಸಿಗ್ನಲ್‌ಗಳು ಗೆರೆಗಳಾಗಿ ಮೂಡುವ ಚಿತ್ರ, ನೋಡಿ. ನಡುವೆ ಎಡೆಬಿಡದ ಒಂದು ಗೆರೆ, ಅದರ ಎರಡೂ ಪಕ್ಕ ತುಂಡು ತುಂಡು ಗೆರೆ. ಆ ತುಂಡುಗಳೇ ಮೋರ್ಸ್. ನಡುವಿನ ಗೆರೆಯಿಂದ ಅವು ಸಾಮಾನ್ಯವಾಗಿ 1020 ಹರ್ಟ್ಸ್ ಆಸುಪಾಸು ದೂರ ಇರುತ್ತವೆ, ಕೆಲವು ಕಡೆ 400. ನಿಮ್ಮದು ಎಷ್ಟು ಅಂತ ಅಳೆಯಿರಿ. ಒಂದು ಬೀಕನ್‌ನದು 1014 ಇದ್ದರೆ ಇನ್ನೊಂದರದು 1031 ಇರಬಹುದು. ಆಮೇಲೆ ಗಡಿಯಾರ ಹಿಡಿದು ಒಂದು ಸಲ ಅಕ್ಷರ ಶುರುವಾದ ಕ್ಷಣದಿಂದ ಮತ್ತೆ ಶುರುವಾಗುವವರೆಗೆ ಎಷ್ಟು ಸೆಕೆಂಡ್ ಅಂತ ಎಣಿಸಿ. ಹತ್ತು ಸುತ್ತು ಎಣಿಸಿ ಹತ್ತರಿಂದ ಭಾಗಿಸಿದರೆ ಇನ್ನೂ ಒಳ್ಳೆಯದು. ಅಕ್ಷರ ಒಂದೇ ಇದ್ದರೂ ಈ ಎರಡು ಲೆಕ್ಕ ಒಂದೇ ಇರುವುದು ಅಪರೂಪ. ಇವನ್ನು ಅಳೆದು ದಾಖಲಿಸುವ ಹವ್ಯಾಸಿಗಳು ಲೋಕದಲ್ಲೆಲ್ಲ ಇದ್ದಾರೆ.

ದಿಕ್ಕು ಬೇಕಾದರೆ ಉದ್ದ ತಂತಿ ಬಿಟ್ಟು ಮರದ ಚೌಕಟ್ಟಿಗೆ ತಂತಿ ಸುತ್ತಿದ ಲೂಪ್ ಆಂಟೆನಾ ಮಾಡಿಕೊಳ್ಳಿ. ಅದನ್ನು ನಿಧಾನ ತಿರುಗಿಸಿ. ದನಿ ಜೋರಾಗುವ ಕಡೆ ನೋಡಿ ನಕ್ಷೆಯ ಮೇಲೆ ಗೆರೆ ಎಳೆಯಬೇಡಿ, ಅಲ್ಲಿ ಸರಿಯಾಗಿ ತಿಳಿಯುವುದಿಲ್ಲ. ದನಿ ಪೂರ್ತಿ ಅಡಗುವ ಜಾಗ ಹುಡುಕಿ. ಆಗ ಲೂಪ್‌ನ ಮುಖ, ಅಂದರೆ ಕಿಟಕಿಯ ಹಾಗೆ ತೆರೆದ ಭಾಗ, ಸ್ಟೇಷನ್ ಕಡೆಗೆ ಇರುತ್ತದೆ. ಅಥವಾ ಅದರ ನೇರ ಬೆನ್ನಿಗೆ. ರಾತ್ರಿ ಇದು ಸ್ವಲ್ಪ ತೂಗಾಡುತ್ತದೆ, ಹಲವು ಸಲ ನೋಡಿ. ಮೇ ತಿಂಗಳ ಗುಡುಗಿನಲ್ಲಿ ಕಷ್ಟಪಡಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಈ ಕೆಲಸಕ್ಕೆ ಚಿನ್ನದಂಥ ಕಾಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. 1224 ಕಿಲೋಹರ್ಟ್ಸ್‌ನಲ್ಲಿ ಕನ್ನಡ ಹಾಡು ಕೇಳುತ್ತದೆ. ಇದು ಎಲ್ಲಿಯ ಸ್ಟೇಷನ್?

ಉತ್ತರ: ನಿಮ್ಮೂರಿನದೇ. ಬೆಂಗಳೂರು ಆಕಾಶವಾಣಿ 612ರಲ್ಲಿದೆ, ಅದರ ಎರಡರಷ್ಟು 1224. ಹತ್ತಿರದ ದೊಡ್ಡ ಸ್ಟೇಷನ್‌ನ ಹೊಡೆತ ತಾಳದೆ ರಿಸೀವರ್ ಒಳಗೇ ಈ ನೆರಳು ಹುಟ್ಟುತ್ತದೆ. ಪರೀಕ್ಷೆ ಸುಲಭ. ಆಂಟೆನಾ ತಂತಿಯನ್ನು ಅರ್ಧ ಮಾಡಿ. 612 ಸ್ವಲ್ಪ ಇಳಿಯುತ್ತದೆ, 1224 ಅದಕ್ಕಿಂತ ಬಹಳ ಜಾಸ್ತಿ ಇಳಿದರೆ ಅದು ನೆರಳು. ಹಾಗೇ ಮನೆಯ ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್, ಯುಪಿಎಸ್ ಒಂದೊಂದೇ ಆರಿಸಿ ನೋಡಿ. ಮುಖ್ಯ ಸ್ವಿಚ್ಚನ್ನೇ ತೆಗೆದು ಬ್ಯಾಟರಿಯಲ್ಲಿ ಕೇಳಿದರೆ ಎಷ್ಟೋ ‘ದೂರದ ಸಿಗ್ನಲ್’ಗಳು ಮಾಯವಾಗುತ್ತವೆ.

ನಿಜವಾಗಿ ದೂರದ್ದು ಹುಡುಕಲು ಗಡಿಯಾರಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಸ್ಟೇಷನ್‌ಗಳು ಗಂಟೆ ತುಂಬಿದಾಗ ಪೀಂ ಪೀಂ ಸಮಯ ಸೂಚನೆ ಕೊಟ್ಟು ವಾರ್ತೆ ಹೇಳುವುದು ರೂಢಿ, ಅಲ್ವಾ? ಅದು ನಮ್ಮ ಗಂಟೆಗೇ ಬಂದರೆ ಭಾರತ, ಶ್ರೀಲಂಕಾ, ಇರಾನ್, ಅಫ್ಘಾನಿಸ್ತಾನ, ಮ್ಯಾನ್ಮಾರ್ ಇವುಗಳಲ್ಲಿ ಒಂದು. ನಮ್ಮ ಅರ್ಧ ಗಂಟೆಗೆ ಬಂದರೆ ಪಾಕಿಸ್ತಾನ, ಕೊಲ್ಲಿ ದೇಶಗಳು, ಥಾಯ್ಲೆಂಡ್, ಚೀನಾ ಇವುಗಳಲ್ಲಿ ಒಂದು. ಮುಕ್ಕಾಲಿಗೆ, ಉದಾಹರಣೆಗೆ ನಮ್ಮ 6.45ಕ್ಕೆ, ಬಂದರೆ ನೇಪಾಳ. ಭಾಷೆ ಒಂದು ಪದವೂ ತಿಳಿಯದಿದ್ದರೂ ಇಷ್ಟು ತಿಳಿಯುತ್ತದೆ. ಬೆಳಗಿನ ಜಾವವೂ ಸುಳಿವು ಕೊಡುತ್ತದೆ. ಥಾಯ್ಲೆಂಡ್‌ನಲ್ಲಿ ನಮಗಿಂತ ಹೆಚ್ಚುಕಡಿಮೆ ಒಂದೂವರೆ ಗಂಟೆ ಮೊದಲು ಬೆಳಕು ಹರಿಯುತ್ತದೆ. ಅಲ್ಲಿನ ದನಿ ನಮ್ಮಲ್ಲಿ ಕತ್ತಲಿರುವಾಗಲೇ ಕುಗ್ಗುತ್ತದೆ. ಕೊಲ್ಲಿಯ ಸ್ಟೇಷನ್ ನಮ್ಮಲ್ಲಿ ಸೂರ್ಯ ಏಳುವವರೆಗೂ ನಿಲ್ಲುತ್ತದೆ.

ಪ್ರಶ್ನೆ: ರೇಡಿಯೋ ಇಲ್ಲದೆ ಲ್ಯಾಪ್‌ಟಾಪ್‌ನಲ್ಲೇ ಇಂಥ ಸಿಗ್ನಲ್ ಹಿಡಿಯಬಹುದೇ?

ಉತ್ತರ: ಮೇಲೆ ಹೇಳಿದ ಬೀಕನ್, ಆಕಾಶವಾಣಿ ಸಿಗುವುದಿಲ್ಲ, ಇನ್ನೂ ಕೆಳಗಿನ ಕಿಲೋಹರ್ಟ್ಸ್‌ನ ಸಿಗ್ನಲ್ ಖಂಡಿತ ಸಿಗುತ್ತದೆ. ಒಂದು ಮೀಟರ್ ಚೌಕಟ್ಟಿಗೆ ಐವತ್ತು ಸುತ್ತು ತಂತಿ ಸುತ್ತಿ ಮೈಕ್ ಕಿಂಡಿಗೆ ಹಾಕಿ. ಚಾರ್ಜರ್ ಕಿತ್ತಿಡಿ. ಸೆಕೆಂಡಿಗೆ 48,000 ಸಲ ಅಳೆಯುವ ಸೌಂಡ್ ಕಾರ್ಡ್ 24 ಕಿಲೋಹರ್ಟ್ಸ್‌ವರೆಗೆ ತೋರಿಸುತ್ತದೆ. 18.2 ಕಿಲೋಹರ್ಟ್ಸ್‌ನಲ್ಲಿ ಒಂದು ದಪ್ಪ ಗೆರೆ ಕಂಡರೆ, ಅದು ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣದಲ್ಲಿರುವ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರದ್ದು. ಇದರ ಒಂದು ಅಲೆಯ ಉದ್ದವೇ ಸುಮಾರು ಹದಿನಾರೂವರೆ ಕಿಲೋಮೀಟರ್. ಇಷ್ಟು ಉದ್ದದ ಅಲೆ ಸಮುದ್ರದ ನೀರಿನೊಳಗೂ ಕೆಲವು ಮೀಟರ್ ಇಳಿಯುತ್ತದೆ. ಅದಕ್ಕೇ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ಬಳಸುತ್ತಾರೆ. ಸಂದೇಶ ಗುಪ್ತ ಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸುವ ಕೆಲಸ ನಮ್ಮದಲ್ಲ. ನೀವು ಆ ಗೆರೆಯ ಬಲವನ್ನು ಮಾತ್ರ ನಿಮಿಷಕ್ಕೊಮ್ಮೆ ದಾಖಲಿಸುವ ಹಾಗೆ ಬಿಟ್ಟು ಮಲಗಿ. ಬೆಳಿಗ್ಗೆ ಎದ್ದು ನೋಡಿದರೆ ಸೂರ್ಯೋದಯದ ಹೊತ್ತಿಗೆ ಅದು ತಗ್ಗಿ ಮತ್ತೆ ಏರಿದ ಗುಣಿ ಕಾಣುತ್ತದೆ. ಮೇಲೆ ಡಿ ಪದರ ಕಟ್ಟಿಕೊಳ್ಳುತ್ತಿರುವುದನ್ನೇ ನೀವು ಅಲ್ಲಿ ನೋಡುತ್ತಿರುತ್ತೀರಿ.